ವಿಮಾನದ ಬ್ರೇಕ್ ಕಾಲಿಗೆ ಹಾಕ್ಕೊಂಡ್ರೆ ಮೋಸಾನಾ?

ಇವತ್ತಿನ ಎಪಿಸೋಡ್ ಒಂದು ಜಗಳದಿಂದ ಶುರುವಾಗುತ್ತೆ. ತಪ್ಪು ನಂದೇ, ಮೊದಲೇ ಹೇಳಿಬಿಡ್ತೀನಿ.

ನಾನು, ನನ್ನ ಚಿಕ್ಕಪ್ಪನ ಮಗ, ಇನ್ನೊಂದಿಬ್ಬರು ಫ್ರೆಂಡ್ಸ್ ಭಾನುವಾರ ರಾತ್ರಿ ಕಂಪ್ಯೂಟರ್‌ನಲ್ಲಿ ಯುದ್ಧವಿಮಾನ ಹಾರಿಸ್ತೀವಿ. ಮೊಬೈಲಲ್ಲಿ ಸ್ಕ್ರೀನ್ ಉಜ್ಜಿ ಆಡೋ ಗೇಮ್ ಅಲ್ಲ, ಸಿಮ್ಯುಲೇಟರ್. ಡಿಸಿಎಸ್ ವರ್ಲ್ಡ್, ಐಎಲ್-2 ಸ್ಟರ್ಮೊವಿಕ್ ಅಂತ ಹೆಸರು ಕೇಳಿರಬಹುದು. ಡಿಸಿಎಸ್‌ನಲ್ಲಿ ಇಂಜಿನ್ ಸ್ಟಾರ್ಟ್ ಮಾಡೋಕೇ ಸಾಲಾಗಿ ಒಂದೊಂದು ಸ್ವಿಚ್ ಹಾಕ್ತಾ ಹೋಗಬೇಕು. ಆ ಕಷ್ಟಾನೇ ಅದರ ಮಜಾ.

ನಮ್ಮಿಬ್ಬರಿಗೂ ಇಷ್ಟ ಮಿಗ್-21. 1963ರಲ್ಲಿ ನಮ್ಮ ವಾಯುಪಡೆಗೆ ಬಂದು, 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿಯಾದ ವಿಮಾನ. ಇದರ ಬ್ರೇಕ್ ಕಾರಿನ ಥರ ಕಾಲಲ್ಲಿ ಇಲ್ಲ. ಸ್ಟಿಕ್ ಮೇಲೆ, ಸೈಕಲ್ ಬ್ರೇಕ್ ಥರದ ಒಂದು ಲಿವರ್ ಇದೆ. ಅದನ್ನ ಕೈಯಲ್ಲಿ ಹಿಡಿದು ಒತ್ತಿ, ಯಾವ ಕಡೆ ತಿರುಗಬೇಕೋ ಆ ಕಡೆ ಪೆಡಲ್ ತುಳೀಬೇಕು. ಎರಡನೇ ಮಹಾಯುದ್ಧದ ಸ್ಪಿಟ್‌ಫೈರ್‌ನಲ್ಲೂ ಇದೇ ಪದ್ಧತಿ.

ನನ್ನ ತಮ್ಮನಿಗೆ ಬೈಕ್ ಆಕ್ಸಿಡೆಂಟ್ ಆದಮೇಲೆ ಬಲಗೈಯ ಎರಡು ಬೆರಳು ಸರಿಯಾಗಿ ಮಡಚಲ್ಲ. ಅವನು ಸೆಟ್ಟಿಂಗ್ ಬದಲಿಸಿ ಬ್ರೇಕನ್ನ ಕಾಲಿನ ಪೆಡಲ್‌ಗೆ ಹಾಕ್ಕೊಂಡ. ನಾನು ಎಲ್ಲರೂ ಕೇಳೋ ಹಾಗೆ ಹೆಡ್‌ಸೆಟ್‌ನಲ್ಲಿ, "ಇದು ಮಿಗ್ ಅಲ್ಲ ಕಣೋ, ಮೋಸ" ಅಂದುಬಿಟ್ಟೆ. ಅವನು ಏನೂ ಮಾತಾಡಲಿಲ್ಲ, ಲಾಗೌಟ್ ಆದ. ಎರಡು ಭಾನುವಾರ ಬರಲೇ ಇಲ್ಲ.

ಆ ಎರಡು ವಾರದಲ್ಲಿ ನಾನು ಕೂತು ಯೋಚನೆ ಮಾಡಿದ್ದನ್ನೇ ಇವತ್ತು ಹೇಳ್ತಿರೋದು.

ಮನೆಯ ಜಾಯ್‌ಸ್ಟಿಕ್ ಮೊದಲೇ ಸುಳ್ಳು

ಎಫ್-16 ತಗೊಳ್ಳಿ. ಇದರ ಮೊದಲ ಮಾದರಿಯಲ್ಲಿ ಸ್ಟಿಕ್ ಅಲ್ಲಾಡ್ತಾನೇ ಇರಲಿಲ್ಲ. ಪೈಲಟ್ ಕೈ ಎಷ್ಟು ಬಲ ಹಾಕುತ್ತೆ ಅನ್ನೋದನ್ನ ಅಳೆದು ವಿಮಾನ ತಿರುಗ್ತಿತ್ತು. ಅದು ಪೈಲಟ್‌ಗಳಿಗೆ ಸರಿ ಅನ್ನಿಸಲಿಲ್ಲ, ಆಮೇಲೆ ಒಂಚೂರು ಅಲ್ಲಾಡೋ ಹಾಗೆ ಮಾಡಿದ್ರು. ನಮ್ಮ ಮನೆಯ ಪ್ಲಾಸ್ಟಿಕ್ ಜಾಯ್‌ಸ್ಟಿಕ್ ಎಲ್ಲಾ ಕಡೆಗೂ ಧಾರಾಳವಾಗಿ ಬಾಗುತ್ತೆ. ಅಂದ್ರೆ ಮೊದಲ ಸೆಕೆಂಡಿಂದಲೇ ನಾವು ಅಡ್ಜಸ್ಟ್ ಮಾಡ್ಕೊಂಡಿದೀವಿ.

ಸ್ವಿಚ್‌ಗಳದ್ದೂ ಇದೇ ಕಥೆ. ಡಿಸಿಎಸ್‌ನ ಎಷ್ಟೋ ವಿಮಾನಗಳಲ್ಲಿ ಒಂದು ಬಟನ್ ಒತ್ತಿದ್ರೆ ಆನ್, ಅದನ್ನೇ ಮತ್ತೆ ಒತ್ತಿದ್ರೆ ಆಫ್. ಆದರೆ ನೀವು ಮನೇಲಿ ನಿಜವಾದ ಸ್ವಿಚ್ ಬಾಕ್ಸ್ ಮಾಡ್ಕೊಂಡಿದ್ರೆ, ಕೈಯಲ್ಲಿರೋ ಸ್ವಿಚ್ ಮೇಲಿರುತ್ತೆ, ಪರದೆ ಮೇಲಿನದು ಕೆಳಗಿರುತ್ತೆ. ಅದಕ್ಕೇ ಜನ ಲುವಾ ಫೈಲ್ ತೆಗೆದು, ಮೇಲೆತ್ತಿದ್ರೆ ಆನ್, ಇಳಿಸಿದ್ರೆ ಆಫ್ ಅಂತ ಒಂದೊಂದು ಸಾಲು ಸೇರಿಸ್ತಾರೆ. ನೋಡಿ, ಇದು ಮಾಡ್, ಆದರೂ ರಿಯಲಿಸಂ ಜಾಸ್ತಿ ಮಾಡೋ ಮಾಡ್. (ಒಂದು ಕಿವಿಮಾತು: ಅಪ್‌ಡೇಟ್ ಬಂದಾಗ ಈ ಬದಲಾವಣೆ ಅಳಿಸಿಹೋಗಬಹುದು. ಒಂದು ಕಾಪಿ ಬೇರೆ ಕಡೆ ಇಟ್ಕೊಳ್ಳಿ.)

ಹಾಗಾದ್ರೆ ಗೆರೆ ಎಲ್ಲಿ?

ಎರಡು ವಿಮಾನ ಪಕ್ಕಪಕ್ಕ ಇಡ್ತೀನಿ. ಜರ್ಮನಿಯ ಫೋಕೆ-ವುಲ್ಫ್ 190ರಲ್ಲಿ 'ಕೊಮಾಂಡೊಗೆರೆಟ್' ಅನ್ನೋ ಯಂತ್ರ ಇತ್ತು. ಪೈಲಟ್ ಒಂದೇ ಲಿವರ್ ತಳ್ಳಿದ್ರೆ ಸಾಕು, ಪ್ರೊಪೆಲ್ಲರ್ ಕೋನ, ಇಂಧನದ ಮಿಶ್ರಣ ಎಲ್ಲಾ ತಾನೇ ನೋಡ್ಕೊಳ್ತಿತ್ತು.

ಅಮೆರಿಕದ ಪಿ-38ರಲ್ಲಿ ಎರಡು ಇಂಜಿನ್, ಎಲ್ಲಾ ಕೆಲಸವೂ ಡಬಲ್. ಶತ್ರು ಮೇಲೆ ಬಿದ್ದಾಗ ಇಂಧನದ ಟ್ಯಾಂಕ್ ಬದಲಿಸು, ಹೊರಗಿನ ಟ್ಯಾಂಕ್ ಬಿಸಾಕು, ಮಿಶ್ರಣ ಸರಿಮಾಡು, ಆರ್‌ಪಿಎಂ ಏರಿಸು, ಪವರ್ ಕೊಡು, ಗನ್ ಸ್ವಿಚ್ ಹಾಕು. ಹೊಸ ಹುಡುಗರು ಇಷ್ಟು ಮಾಡೋದರೊಳಗೆ ಗುಂಡು ತಿಂತಾರೆ ಅನ್ನೋ ಅರ್ಥದಲ್ಲಿ 1944ರಲ್ಲಿ ಅವರ ಒಬ್ಬ ಕಮಾಂಡರ್ ಮೇಲಧಿಕಾರಿಗಳಿಗೆ ಪತ್ರಾನೇ ಬರೆದಿದ್ರು.

ಅಂದ್ರೆ ಅನುಕೂಲ ಬೇಕು ಅಂತ ಮೊದಲು ಕೇಳಿದ್ದು ಗೇಮರ್‌ಗಳಲ್ಲ, ನಿಜವಾದ ಪೈಲಟ್‌ಗಳೇ.

ನಾನು ಬಿ.ಕಾಂ. ಓದಿದವನು, ಲೆಕ್ಕದ ಭಾಷೇಲೇ ಹೇಳ್ತೀನಿ. ಕಾಕ್‌ಪಿಟ್‌ನಲ್ಲಿ ಪೈಲಟ್‌ನ ಬಂಡವಾಳ ಅಂದ್ರೆ ಅವನ ಗಮನ. ಅದನ್ನ ಎಲ್ಲಿ ಖರ್ಚು ಮಾಡಬೇಕು ಅನ್ನೋದೇ ಕಾಳಗ. ಪಿ-38 ಆ ಖರ್ಚು ಜಾಸ್ತಿ ಕೇಳ್ತಿತ್ತು, ಫೋಕೆ-ವುಲ್ಫ್ ಕಮ್ಮಿ. ಈಗ ಪಿ-38ರ ಎಲ್ಲಾ ಕೆಲಸಾನೂ ಒಂದೇ ಬಟನ್‌ಗೆ ಕಟ್ಟಿದ್ರೆ, ಆ ವಿಮಾನದ ಸಾಲ ಮನ್ನಾ ಮಾಡಿದ ಹಾಗೆ. ಎದುರಿಗಿರೋನು ಮಾತ್ರ ತನ್ನ ವಿಮಾನದ ಸಾಲ ತೀರಿಸ್ತಾನೇ ಇರ್ತಾನೆ.

ಹಾಗಾಗಿ ನನ್ನ ಪ್ರಶ್ನೆ ಒಂದೇ: ಈ ಮಾಡ್ ನನ್ನ ಕೈಯ ತೊಡಕು ತೆಗೀತಿದ್ಯಾ, ಅಥವಾ ಪೈಲಟ್ ಮಾಡಬೇಕಾದ ಕೆಲಸಾನೇ ತೆಗೀತಿದ್ಯಾ? ತೊಡಕು ತೆಗೆದ್ರೆ ಅನುಕೂಲ. ಕೆಲಸಾನೇ ತೆಗೆದ್ರೆ, ಒಬ್ಬರೇ ಆಡುವಾಗ ನಿಮ್ಮಿಷ್ಟ. ಇನ್ನೊಬ್ಬರ ಎದುರು ಆಡುವಾಗ ಮೊದಲೇ ಹೇಳಿ, ಸರ್ವರ್‌ನ ನಿಯಮ ನೋಡಿ.

ತಮ್ಮನ ಬ್ರೇಕ್ ಈ ಪರೀಕ್ಷೆಯಲ್ಲಿ ಪಾಸ್. ಯಾವಾಗ ಹಿಡೀಬೇಕು, ಎಷ್ಟು ಹಿಡೀಬೇಕು ಅನ್ನೋದನ್ನ ಈಗಲೂ ಅವನೇ ತೀರ್ಮಾನ ಮಾಡ್ತಾನೆ. ಬೆರಳು ಮಾಡೋ ಕೆಲಸ ಪಾದ ಮಾಡುತ್ತೆ, ಅಷ್ಟೇ.

ಫೇಲ್ ಆಗಿದ್ದು ಯಾರು ಗೊತ್ತಾ? ನಾನು. ಪಿ-38ಕ್ಕೆ ಅಂತ ಒಂದೇ ಬಟನ್‌ಗೆ ಐದು ಕೆಲಸ ಕಟ್ಟಿಟ್ಟಿದ್ದೆ, ತಿಂಗಳುಗಟ್ಟಲೆ. ಯಾರಿಗೂ ಹೇಳಿರಲಿಲ್ಲ.

ಫೋನ್ ಮಾಡಿ ಸಾರಿ ಕೇಳಿದೆ, ಬಟನ್ ವಿಷಯಾನೂ ಒಪ್ಕೊಂಡೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾ, ನನ್ನ ಬೆರಳು ಮಡಚಲ್ಲ. ನಿಂದಕ್ಕೆ ಏನಾಗಿದೆ?" ಅಂದ.

ಉತ್ತರ ಇರಲಿಲ್ಲ. ಆ ಬಟನ್ ತೆಗೆದಿದೀನಿ. ಕಳೆದ ಭಾನುವಾರ ಅವನ ಕೈಯಲ್ಲೇ ಎರಡು ಸಲ ಉರುಳಿಬಿದ್ದೆ.

ನಿಮ್ಮ ಸೆಟಪ್‌ನಲ್ಲಿ ಏನೇನು ಬದಲಿಸಿದೀರಾ? ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.