ತೋನ್ಸೆಪಾರಿನ ಆರು ಮೂಲೆಯ ಕಂಬಗಳು

ಹಿರಿಯಡ್ಕದ ಕಡೆ ಮನೆ ಕಟ್ಟಲು ಮುರಕಲ್ಲು. ಕಾರ್ಕಳಕ್ಕೆ ಹೋದರೆ 1432ರಲ್ಲಿ ಗೊಮ್ಮಟನಾಗಿ ನಿಂತ ಕಗ್ಗಲ್ಲು. ಬಜೆಯಲ್ಲಿ ಉಡುಪಿಗೆ ನೀರು ಕೊಟ್ಟು ಮುಂದೆ ಹರಿದ ಸ್ವರ್ಣಾ ನದಿ ಕೋಡಿ ಬೆಂಗ್ರೆಯಲ್ಲಿ ಕಡಲು ಸೇರುತ್ತದಲ್ಲ, ಅದರ ದಕ್ಷಿಣಕ್ಕೆ, ಮಲ್ಪೆಯ ಎದುರಿನ ದ್ವೀಪಗಳಲ್ಲಿ ಸಿಗುವ ಕಲ್ಲು ಮಾತ್ರ ಇವೆರಡರ ಬಳಗಕ್ಕೂ ಸೇರಿದ್ದಲ್ಲ.

ಪ್ರವಾಸಿಗರ ಬಾಯಲ್ಲಿ ಅದು ಸೇಂಟ್ ಮೇರೀಸ್, ಹಳಬರಿಗೆ ತೋನ್ಸೆಪಾರ್. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿಳಿದು ಮೇರಿಯ ಹೆಸರಿಟ್ಟನೆಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಕಣ್ಣು ನೆಟ್ಟಿದ್ದು ಕಂಬಗಳ ಮೇಲೆ. ಒಂದಕ್ಕೊಂದು ಒತ್ತಿ ನಿಂತ ನೂರಾರು ಕಲ್ಲುಕಂಬಗಳು. ಹೆಚ್ಚಿನವಕ್ಕೆ ಆರು ಮೂಲೆ, ಕೆಲವಕ್ಕೆ ಐದು, ಏಳು. ಯಾರು ಕೆತ್ತಿದ್ದು ಎಂದರೆ ಬೋಟಿನವರು, “ದೇವರೇ ಮಾರಾಯ್ರೆ” ಎಂದು ನಕ್ಕರು.

ಕೆತ್ತಿದ್ದು ತಂಪು. ಹರಿದು ನಿಂತ ಲಾವಾ ತಣಿಯುತ್ತ ಕುಗ್ಗುತ್ತದೆ, ಕುಗ್ಗಿದ್ದು ಬಿರಿಯುತ್ತದೆ. ಸುಗ್ಗಿ ಮುಗಿದ ಗದ್ದೆಯ ಕೆಸರು ಬಿಸಿಲಿಗೆ ಬಿರಿಯುವುದೂ ಹೀಗೆಯೇ. ಆದರೆ ಗದ್ದೆಯ ಬಿರುಕು ಗೇಣುದ್ದಕ್ಕೆ ನಿಲ್ಲುತ್ತದೆ. ಲಾವಾದ ಬಿರುಕು ತಂಪು ಇಳಿದಷ್ಟೂ ಆಳಕ್ಕಿಳಿಯುತ್ತದೆ. ಮೂರು ಬಿರುಕುಗಳು 120 ಡಿಗ್ರಿ ಕೋನದಲ್ಲಿ ಕೂಡಿದರೆ ಎಳೆತವೆಲ್ಲ ಸಮನಾಗಿ ಸಡಿಲುತ್ತದೆ. ಆರು ಮೂಲೆಯ ಗುಟ್ಟು ಇಷ್ಟೇ.

ಇದನ್ನು ಬಸಾಲ್ಟ್ ಎನ್ನುವವರೇ ಹೆಚ್ಚು. ನಿಜಕ್ಕೂ ಇದು ಸಿಲಿಕಾ ಹೆಚ್ಚಿರುವ ರಯೋಲೈಟ್–ಡೇಸೈಟ್ ಬಳಗದ ಕಲ್ಲು. ವಯಸ್ಸು ಎಂಟೂವರೆಯಿಂದ ಒಂಬತ್ತು ಕೋಟಿ ವರ್ಷ. ಉತ್ತರ ಕರ್ನಾಟಕದ ಕಪ್ಪುನೆಲಕ್ಕೆ ಕಾರಣವಾದ ದಖ್ಖನ್ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಮಲ್ಪೆಯದು ಅದಕ್ಕೂ ಹಿರಿದು. ಆ ಕಾಲದಲ್ಲಿ ಮಡಗಾಸ್ಕರ್ ನಮ್ಮ ಕರಾವಳಿಗೆ ಅಂಟಿಕೊಂಡಿತ್ತು. ಎರಡೂ ಬೇರೆಯಾಗುವ ಹೊತ್ತಿನ ಬೆಂಕಿ ಇದು. ಅದೇ ಪ್ರಾಯದ ಲಾವಾ ಮಡಗಾಸ್ಕರಿನಲ್ಲೂ ಇದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಲಾಲ್‌ಬಾಗಿನ ಬಂಡೆಯಂತೆ ಇದನ್ನೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ತೆಂಗು, ಚಿಪ್ಪು ಹಾಸಿದ ದಡ, ತಿಳಿನೀರು, ಎಲ್ಲವೂ ಚೆಂದವೇ. ಬಂದವರಲ್ಲಿ ಹೆಚ್ಚಿನವರು ಕಂಬಕ್ಕೆ ಬೆನ್ನು ಕೊಟ್ಟು ಸೆಲ್ಫಿ ತೆಗೆದು ಹೊರಡುತ್ತಾರೆ. ಗೊಮ್ಮಟನ ಪಾದದ ಬಳಿ ನಡೆದುಕೊಳ್ಳುವಂತೆ ಇಲ್ಲೂ ನಡೆದುಕೊಳ್ಳಬೇಕೆಂದು ಯಾರಿಗೂ ತೋಚಿದಂತಿಲ್ಲ.

ಮಳೆಗಾಲದಲ್ಲಿ ಬೋಟು ಇರುವುದಿಲ್ಲ. ಉಳಿದ ತಿಂಗಳಲ್ಲಿ ಹೋಗುವವರು ಮಕ್ಕಳನ್ನು ಕರೆದೊಯ್ಯಿರಿ, ಮೂಲೆ ಎಣಿಸಲು ಹಚ್ಚಿರಿ. ಕಂಬದ ಮೇಲೆ ಹೆಸರು ಮಾತ್ರ ಕೆತ್ತಬೇಡಿ.