ಮನೆಯೊಳಗಿನ ಚಿತ್ರಭಾಂಡಾರ

ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರಲ್ಲಿ ತೆರೆ ಕಂಡಿತು. ಇಂದು ಅದರ ಒಂದು ಪ್ರತಿಯೂ ಲಭ್ಯವಿಲ್ಲ. ಕಾಯ್ದಿಡದ ಚಿತ್ರಕ್ಕೆ ಒದಗುವ ಗತಿ ಇದು. ನಮ್ಮ ಬೆಳಗಾವಿ ಸೀಮೆಯ ಮನೆಗಳಲ್ಲಿರುವ ಮದುವೆಯ ಸಿ.ಡಿ.ಗಳಿಗೂ, ಜಾತ್ರೆಯ ಸಣ್ಣಾಟ-ಪಾರಿಜಾತಗಳ ವಿಡಿಯೋಗಳಿಗೂ ಇದೇ ಗತಿ ಬರಬಾರದು. ಅದಕ್ಕೆ ಮನೆಯಲ್ಲಿಯೇ ಒಂದು ‘ಮೀಡಿಯಾ ಸರ್ವರ್’ ಇರುವದು ಲೇಸು.

ಸರ್ವರ್ ಎಂದರೆ ಕೇಳಿದವರಿಗೆ ಕೇಳಿದ್ದನ್ನು ಬಡಿಸುವ ಯಂತ್ರ. ಆಟೋ ನಗರದ ಗ್ಯಾರೇಜಿನಲ್ಲಿ ಹಳೆಯ ಎಂಜಿನ್ನು ಮತ್ತೆ ದುಡಿಯುವಂತೆ, ಇದಕ್ಕೆ ಮೂಲೆಗೆ ಬಿದ್ದ ಕಂಪ್ಯೂಟರೂ ಸಾಕು. ಸಿ.ಡಿ.ಗಳನ್ನು ಅದರ ಡಿಸ್ಕಿಗೆ ಇಳಿಸಿ, 2018ರಲ್ಲಿ ಆರಂಭವಾದ ‘ಜೆಲಿಫಿನ್’ ಎಂಬ ಉಚಿತ ತಂತ್ರಾಂಶವನ್ನು ಹಾಕಿ, ಚಿತ್ರಗಳಿರುವ ಫೋಲ್ಡರನ್ನು ಅದಕ್ಕೆ ತೋರಿಸಬೇಕು. ಬಳಿಕ ಅದೇ ರೌಟರಿಗೆ ಕೂಡಿದ ಮೊಬೈಲಿನ ಬ್ರೌಸರಿನಲ್ಲಿ ಸರ್ವರಿನ ವಿಳಾಸವನ್ನೂ 8096 ಎಂಬ ಪೋರ್ಟ್ ಸಂಖ್ಯೆಯನ್ನೂ ಕೊಟ್ಟರೆ ಚಿತ್ರ ಮೂಡುವದು. ಅದು ಮನೆಯೊಳಗೇ ಹರಿಯುವದರಿಂದ ಇಂಟರ್‌ನೆಟ್ಟಿನ ಡೇಟಾ ವೆಚ್ಚವಾಗದು.

ಸೆಕೆಂಡಿಗೆ 4 ಮೆಗಾಬಿಟ್ಟಿನ ವಿಡಿಯೋ ತಾಸಿಗೆ 1.8 ಗಿಗಾಬೈಟ್ ಜಾಗ ಹಿಡಿಯುವದು. 1 ಟೆರಾಬೈಟ್ ಡಿಸ್ಕಿನಲ್ಲಿ ಸುಮಾರು 550 ತಾಸಿನಷ್ಟು ಅಡಕವಾಗುವದು.

ಆದರೆ ಡಿಸ್ಕೂ ಕೆಡುವ ವಸ್ತುವೇ. ಇನ್ನೊಂದು ಪ್ರತಿಯನ್ನು ಬೀಗರ ಮನೆಯಲ್ಲಿಡುವದು ಜಾಣತನ. ಓದುಬರಹ ಬಾರದ ನಮ್ಮ ಹಿರಿಯರ ಹಾಡು, ಮಾತು, ಕುಣಿತಗಳಿಗೆ ಈ ವಿಡಿಯೋಗಳೇ ಹೊತ್ತಿಗೆ. ಅವನ್ನು ಕಾಯುವದು ಅವರ ದುಡಿಮೆಯಿಂದ ಕಲಿತ ನಮ್ಮ ಹೊಣೆ.