ಅಜ್ಜನ ಫೋಟೊ ಯಾವ ವರ್ಷದ್ದು? ಪ್ಯಾಂಟಿನ ಬಾಟಮ್ ನೋಡಿ!

ಬಿಟ್ಟಂಗಾಲ: ಮಳೆಗಾಲ ಮುಗಿದು ಟ್ರಂಕು, ಬೀರು ತೆಗೆದಾಗ ಈ ಕಡೆಯ ಎಷ್ಟೋ ಮನೆಗಳಲ್ಲಿ ಒಂದು ಕಟ್ಟು ಕಪ್ಪು-ಬಿಳುಪು ಫೋಟೊ ಸಿಗುತ್ತೆ. ಅರ್ಧಕ್ಕೆ ಬೂಷ್ಟು ಹಿಡಿದಿರುತ್ತೆ. ಹಿಂದುಗಡೆ ಏನೂ ಬರೆದಿರಲ್ಲ. ಕೂದಲಿಗೆ ಪಫ್ ಎತ್ತಿ, ಕಾಲಿಗೆ ಅಂಟಿದ ಪ್ಯಾಂಟು ಹಾಕಿ, ಯಾವುದೋ ಪೇಟೆ ಬೀದಿಯಲ್ಲಿ ನಿಂತ ಹುಡುಗ. ಅದು ಅಜ್ಜನಾ, ಅಜ್ಜನ ತಮ್ಮನಾ? ಮೈಸೂರಾ, ಬೆಂಗಳೂರಾ? 1965ರಲ್ಲಿ 20 ವರ್ಷದವರಾಗಿದ್ದವರಿಗೆ ಈಗ 80 ತುಂಬಿದೆ. ಮುಖ ನೋಡಿ ಹೆಸರು ಹೇಳುವವರು ವರ್ಷ ವರ್ಷ ಕಡಿಮೆ ಆಗ್ತಿದ್ದಾರೆ. ಯಾವ ಕಾಲದ್ದು ಅನ್ನೋದನ್ನಾದರೂ ಬಟ್ಟೆ ಹೇಳುತ್ತೆ.

ಮೊದಲು ಕಾಲು ನೋಡಬೇಕು. 1950ರ ದಶಕದ ಪ್ಯಾಂಟು ದೊಗಳೆ. ಸೊಂಟದ ಹತ್ತಿರ ನೆರಿಗೆ, ಕೆಳಗೆ ಮಡಚಿದ ಪಟ್ಟಿ. 60ರ ದಶಕ ಬಂದ ಹಾಗೆ ನೆರಿಗೆ, ಪಟ್ಟಿ ಎರಡೂ ಹೋಗಿ ಕಾಲು ಕಿರಿದಾಯಿತು. ಅದೇ ಡ್ರೈನ್‌ಪೈಪ್ ಪ್ಯಾಂಟು. ಬಾಟಮ್ 14 ಇಂಚಿನ ಆಸುಪಾಸು. ಹಾಕೋದು, ಬಿಚ್ಚೋದು ಎರಡೂ ಸಾಹಸ. ಜೊತೆಗೆ ಮೂತಿ ಚೂಪಾದ ಶೂ. ಬೆಲ್ ಬಾಟಂ ಕಂಡರೆ ಫೋಟೊ 60ರ ಕೊನೆಯದ್ದು, ಹೆಚ್ಚಾಗಿ 70ರ ದಶಕದ್ದು.

ಬಟ್ಟೆಯ ಹೊಳಪೂ ಒಂದು ಗುರುತು. ಗರಿಗರಿ ಇಸ್ತ್ರಿಯ ಗೆರೆ ಕತ್ತಿಯಂತೆ ಕಂಡರೆ ಟೆರಿಲಿನ್ ಇರಬಹುದು. 1941ರಲ್ಲಿ ಇಂಗ್ಲೆಂಡಿನಲ್ಲಿ ಕಂಡುಹಿಡಿದ ಈ ಪಾಲಿಯೆಸ್ಟರ್ ನಮ್ಮ ಯುವಕರ ತಲೆ ಕೆಡಿಸಿದ್ದು 60ರ ದಶಕದಲ್ಲಿ. ಕೊಡಗಿನಲ್ಲಿ ಅದಕ್ಕೆ ಬೇರೆಯೇ ಕಾರಣವಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹತ್ತಿ ಬಟ್ಟೆ ಒಣಗೋದೇ ಇಲ್ಲ. ಒಲೆ ಮೇಲೆ ಹಗ್ಗ ಕಟ್ಟಿ ಒಣಗಿಸಿದರೆ ಹೊಗೆ ವಾಸನೆ. ಟೆರಿಲಿನ್ ಒಂದೇ ರಾತ್ರಿಗೆ ಒಣಗುತ್ತಿತ್ತು. ಆದರೆ ಒಂದು ಕಿಡಿ ಹಾರಿದರೆ ಕರಗಿ ತೂತು! ಆಮದಿಗೆ ಕಟ್ಟುನಿಟ್ಟು ಇದ್ದ ಕಾಲ ಅದು. ಫಾರಿನ್ ಬಟ್ಟೆ ಸುಲಭಕ್ಕೆ ಸಿಗುತ್ತಿರಲಿಲ್ಲ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಭಾರತದ ಸೈನಿಕರು ಗಾಜಾ, ಕಾಂಗೊಗೆ ಹೋಗಿದ್ದರು. ಅಂಥ ಕಡೆಯಿಂದ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಒಂದು ಪ್ಯಾಂಟ್ ಪೀಸ್ ಸಿಕ್ಕರೆ ಮನೆಯಲ್ಲಿ ಹಬ್ಬ.

ಫ್ಯಾಷನ್ ಊರಿಗೆ ಬಂದದ್ದು ಬಸ್ಸಿನಲ್ಲಿ. ಮೈಸೂರಿನಿಂದ ಹುಣಸೂರು, ತಿತಿಮತಿ, ಗೋಣಿಕೊಪ್ಪ ದಾಟಿ ವಿರಾಜಪೇಟೆಗೆ ಹೋಗುವ ಬಸ್ಸಿಗೆ ಬಿಟ್ಟಂಗಾಲ ದಾರಿಯಲ್ಲೇ ಸಿಗುತ್ತೆ. ಕಾಲೇಜಿಗೆ ಹೋದ ಹುಡುಗ ರಜೆಗೆ ಇಳಿದರೆ ಸ್ಟಾಪಿನಲ್ಲಿದ್ದವರೆಲ್ಲ ಅವನ ಪ್ಯಾಂಟು ನೋಡೋರು. ರೆಡಿಮೇಡ್ ಅಪರೂಪ. ಪೇಟೆಯಿಂದ ಬಂದ ಒಂದು ಪ್ಯಾಂಟು ಟೈಲರ್ ಕೈಗೆ ಸಿಕ್ಕಿದರೆ ಸಾಕು, ಅದೇ ಮಾದರಿಗೆ ಇನ್ನೆಷ್ಟೋ ಪ್ಯಾಂಟು ತಯಾರು. ದುಡ್ಡು ಮಾತ್ರ ಯಾವಾಗಲೂ ಇರುತ್ತಿರಲಿಲ್ಲ. ಆಗ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೇ ಕೊಡಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ಕಂತು ಬಂದಾಗ ಬಟ್ಟೆ.

ಬೆಂಗಳೂರಿನ ಬೀದಿಯ ಫೋಟೊಗಳೇ ಹೆಚ್ಚು ಮಜಾ. ಎಂ.ಜಿ. ರಸ್ತೆಯನ್ನು ಹಳಬರು ಆಗಲೂ ಸೌತ್ ಪರೇಡ್ ಅನ್ನೋರು. ಒಂದು ಕಡೆ ಅಂಗಡಿ, ಇನ್ನೊಂದು ಕಡೆ ಮರದ ಸಾಲು, ಪರೇಡ್ ಮೈದಾನ. ಇಂಗ್ಲಿಷ್ ಸಿನಿಮಾಕ್ಕೆ ಪ್ಲಾಜಾ, ಬ್ರಿಗೇಡ್ ರಸ್ತೆಯಲ್ಲಿ ರೆಕ್ಸ್. ಎರಡೂ ಈಗಿಲ್ಲ. ಸಂಜೆ ಅಲ್ಲಿ ಏನೂ ಕೊಳ್ಳಬೇಕಿರಲಿಲ್ಲ, ಸುಮ್ಮನೆ ನಡೆದು ನಾಲ್ಕು ಜನರ ಕಣ್ಣಿಗೆ ಬಿದ್ದರೆ ಆಯಿತು. ಕಾಲು ಸೋತರೆ ಇಂಡಿಯಾ ಕಾಫಿ ಹೌಸ್. 1957ರಲ್ಲಿ ಕಾಫಿ ಬೋರ್ಡ್ ಕೈಬಿಟ್ಟ ಕಾಫಿ ಹೌಸನ್ನು ಕೆಲಸಗಾರರೇ ಸಹಕಾರ ಸಂಘ ಕಟ್ಟಿ ನಡೆಸಿದರು. ಕಾಫಿ ತೋಟದ ಮಕ್ಕಳು ಬೆಂಗಳೂರಿಗೆ ಹೋಗಿ ದುಡ್ಡು ಕೊಟ್ಟು ಕಾಫಿ ಕುಡಿದು ಸ್ಟೈಲ್ ಹೊಡೆದದ್ದು ಅಂದರೆ ಹೀಗೆ! ಹಿಂದೆ ಸಿನಿಮಾ ಪೋಸ್ಟರ್ ಕಂಡರೆ ಕೆಲಸ ಸುಲಭ. ರಾಜ್‌ಕುಮಾರ್ ಸೂಟು ಹಾಕಿ ಪತ್ತೇದಾರನಾದ 'ಜೇಡರ ಬಲೆ' ಬಂದದ್ದು 1968ರಲ್ಲಿ.

ಕೂದಲಿನ ಲೆಕ್ಕ ಸ್ವಲ್ಪ ಕಷ್ಟ. ಮುಂದೆ ಪಫ್ ಇದ್ದರೂ ಹಿಂದೆ, ಪಕ್ಕ ಮಿಲಿಟರಿ ಕಟಿಂಗ್ ಇರಬಹುದು. ಚೀನಾ ಯುದ್ಧದ ನಂತರ, 1963ರಲ್ಲಿ, ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು. ಅದೂ ಅಲ್ಲದೆ ಮನೆಯಲ್ಲೊಬ್ಬ ಮಾಜಿ ಸೈನಿಕರು ಇದ್ದರೆ ಕಿವಿ ಮೇಲೆ ಕೂದಲು ಇಳಿಯಲು ಬಿಟ್ಟಾರಾ?

ಹೆಣ್ಣುಮಕ್ಕಳ ಫೋಟೊದಲ್ಲಿ ಹಣೆ ಮೇಲೆ ಕತ್ತರಿಸಿದ ಕೂದಲು ಇಳಿಬಿದ್ದಿದ್ದರೆ ಅದು ಸಾಧನಾ ಕಟ್. 1960ರ 'ಲವ್ ಇನ್ ಸಿಮ್ಲಾ' ತಂದದ್ದು. ಎರಡು ಮಣಿಯ ರಬ್ಬರ್ ಬ್ಯಾಂಡಿಗೆ ಈಗಲೂ 'ಲವ್ ಇನ್ ಟೋಕಿಯೋ' ಅಂತಾರಲ್ಲ, ಆ ಸಿನಿಮಾ 1966ರದ್ದು. ಕೊಡವ ಸೀರೆ ಉಡುವ ರೀತಿ ಬದಲಾಗಲಿಲ್ಲ, ನೆರಿಗೆ ಹಿಂದೆಯೇ. ಆದರೆ ಉದ್ದ ತೋಳಿನ ಜಾಕೆಟ್ ಹೋಗಿ ತೋಳು ಮೊಣಕೈ ಮೇಲಕ್ಕೆ ಏರಿತು, ಸೀರೆ ನೈಲಾನ್ ಆಯಿತು.

ಕುಪ್ಯ-ಚೇಲೆ ಹಾಕಿದ ಮದುವೆ ಫೋಟೊದಲ್ಲಿ ಈ ಲೆಕ್ಕ ಯಾವುದೂ ನಡೆಯಲ್ಲ. 1935ರದ್ದೂ ಇರಬಹುದು, 1968ರದ್ದೂ ಇರಬಹುದು. ಆಗ ಶೂ ನೋಡಬೇಕು, ಹಿಂದೆ ನಿಂತ ಪ್ಯಾಂಟು-ಶರ್ಟಿನ ನೆಂಟರನ್ನು ನೋಡಬೇಕು. ಚೌಕಾಕಾರದ ಸಣ್ಣ ಪ್ರಿಂಟಾದರೆ ಅಗ್ಫಾ ಕ್ಲಿಕ್ 3ರಂಥ ಕ್ಯಾಮೆರಾದ್ದಿರಬಹುದು. ಒಂದು ರೋಲಿಗೆ 12 ಫೋಟೊ, ಅಷ್ಟೇ.

ಈ ಕಟ್ಟುಗಳಲ್ಲಿ ಕಾಣದವರೂ ಇದ್ದಾರೆ. ಆ ಕಾಲದಲ್ಲಿ ಇದೇ ತೋಟಗಳ ಲೈನ್ ಮನೆಗಳಲ್ಲಿದ್ದ ಹುಡುಗ ಹುಡುಗಿಯರಿಗೆ ಕ್ಯಾಮೆರಾ ಎಲ್ಲಿಂದ ಬರಬೇಕು? ಸಂತೆಗೆ ಹೋಗುವಾಗ ಅವರು ಏನು ಉಡುತ್ತಿದ್ದರು ಅನ್ನೋದನ್ನು ಅವರನ್ನೇ ಕೇಳಿ ತಿಳೀಬೇಕು, ಫೋಟೊ ಇಲ್ಲ.

ಸಿಕ್ಕ ಫೋಟೊವನ್ನು ಬೂಷ್ಟು ಒರೆಸೋ ಮೊದಲೇ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಎರಡೂ ಬದಿ. ಆಲ್ಬಮ್‌ಗೆ ಅಂಟಿದ್ದನ್ನು ಎಳೆದು ಕೀಳಬೇಡಿ. ಮನೆಯ ಹಿರಿಯರ ಪಕ್ಕ ಕೂತು ಹೆಸರು, ಒಕ್ಕ, ಜಾಗ ಕೇಳಿ, ಹಿಂದುಗಡೆ ಪೆನ್ಸಿಲಿನಲ್ಲಿ ಮೆತ್ತಗೆ ಬರೆಯಿರಿ. ಬಾಲ್ ಪೆನ್ ಒತ್ತಿ ಬರೆದರೆ ಮುಂದುಗಡೆ ಮುಖದ ಮೇಲೆ ಗೆರೆ ಮೂಡುತ್ತೆ.